ಫಾರೆಸ್ಟ್ ಗಾರ್ಡ್ ಆಗೋಕೆ ಎದೆ ಎಷ್ಟು ಅಗಲ ಇರಬೇಕು?



ಮುಂದೆ ಏನಾಗ್ತೀಯ ಅಂತ ನಮ್ಮ ತರಗತಿಯಲ್ಲಿ ಯಾರನ್ನು ಕೇಳಿದರೂ ಪೊಲೀಸು, ಮಿಲಿಟರಿ, ನರ್ಸು, ಟೀಚರು, ಬೆಂಗಳೂರಲ್ಲಿ ಕಂಪನಿ ಕೆಲಸ ಎಂದೇ ಉತ್ತರ. ಕಾಡು ಕಾಯುವ ಕೆಲಸ ಎಂದು ಹೇಳಿದವರನ್ನು ನಾನು ಕಾಣೆ. ಹೇಳಿದರೆ ನಗುತ್ತಾರೆ. "ಅದೂ ಒಂದು ಕೆಲಸಾನಾ? ಸೌದೆ ಹೊರೋ ಅಜ್ಜಿನ ಹಿಡಿಯೋದು, ಮೇಕೆ ಓಡಿಸೋದು, ರಾತ್ರಿ ಆನೆ ಹಿಂದೆ ಪಟಾಕಿ ಹೊಡ್ಕೊಂಡು ಓಡೋದು" ಎನ್ನುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧ. ಕ್ಯಾಸಂಬಳ್ಳಿಯಂಥ ಗಡಿ ಊರಿನ ಮಕ್ಕಳು ಈ ಕೆಲಸಕ್ಕೆ ಹೋಗಲೇಬೇಕು. ಯಾಕೆ ಎಂಬುದನ್ನು ಈ ಲೇಖನದಲ್ಲಿ ಹೇಳುತ್ತೇನೆ.

ಮೊದಲು ಈ ಕೆಲಸ ಎಲ್ಲಿಂದ ಬಂತು ನೋಡೋಣ. ಇಂಗ್ಲಿಷಿನಲ್ಲಿ ಇಂಥವರನ್ನು ಗೇಮ್ ವಾರ್ಡನ್ ಎನ್ನುತ್ತಿದ್ದರು. ಗೇಮ್ ಎಂದರೆ ಇಲ್ಲಿ ಆಟ ಅಲ್ಲ, ಬೇಟೆಯ ಪ್ರಾಣಿ. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಶುರುವಾದದ್ದು 1864ರಲ್ಲಿ. 1901ರಲ್ಲಿ ಬೇಟೆಯ ಪ್ರಾಣಿ ಮತ್ತು ಮೀನುಗಳನ್ನು ಕಾಪಾಡುವ ಕಾಯಿದೆ ಬಂತು. ಆಗ ಕಾಯುತ್ತಿದ್ದುದು ದೊರೆಗಳ, ದೊರೆಗಳ ಅತಿಥಿಗಳ ಬೇಟೆಗಾಗಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಆ ಲೆಕ್ಕವೇ ತಿರುಗಿತು. ಈಗ ಪ್ರಾಣಿಯನ್ನು ಕಾಯುವುದು ಪ್ರಾಣಿಗಾಗಿ, ಕಾಡಿಗಾಗಿ, ಆ ಕಾಡಿನಿಂದ ಕೆರೆಗೆ ಬರುವ ನೀರಿಗಾಗಿ. ಆನೆ, ಚಿರತೆ, ಕೃಷ್ಣಮೃಗ, ನವಿಲು ಇವೆಲ್ಲ ಆ ಕಾಯಿದೆಯ ಒಂದನೇ ಪಟ್ಟಿಯಲ್ಲಿವೆ. ಇವನ್ನು ಕೊಂದವರಿಗೆ ಕಡಿಮೆ ಎಂದರೆ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. ಮೇಲೆ 25,000 ರೂಪಾಯಿಗೆ ಕಡಿಮೆ ಇಲ್ಲದ ದಂಡ.

"ನಮ್ಮೂರಲ್ಲಿ ಕಾಡು ಎಲ್ಲಿದೆ? ಇರೋದೆಲ್ಲ ಬಂಡೆ, ಲಂಟಾನ, ನೀಲಗಿರಿ" ಎಂದು ಕೇಳಬಹುದು. ಮಿತ್ರರೇ, ಕೋಲಾರ ಜಿಲ್ಲೆ ಎಂದರೆ ಬರೀ ಚಿನ್ನದ ಗಣಿ ಅಲ್ಲ, ಬರೀ ಟೊಮೇಟೊ ಮಂಡಿಯೂ ಅಲ್ಲ. ಕಾಮಸಮುದ್ರದ ಕಡೆ ಆನೆ ಬರುವುದು ಎಲ್ಲರಿಗೂ ಗೊತ್ತು. ಆ ಕಡೆ ತಮಿಳುನಾಡಿನ ಕೃಷ್ಣಗಿರಿ, ಹೊಸೂರು ಕಾಡುಗಳು. ಈ ಕಡೆ ಆಂಧ್ರದ ಚಿತ್ತೂರು ಜಿಲ್ಲೆಯ ಕೌಂಡಿನ್ಯ ಅಭಯಾರಣ್ಯ. 1980ರ ದಶಕದಲ್ಲಿ ಹೊಸೂರು ಕಡೆಯಿಂದ ಆನೆಗಳು ಅಲ್ಲಿಗೆ ಹೋಗಿ ನೆಲೆ ನಿಂತವು, 1990ರಲ್ಲಿ ಅದನ್ನು ಅಭಯಾರಣ್ಯ ಮಾಡಿದರು. ನಾವಿರುವುದು ಈ ಎರಡರ ನಡುವೆ. ಆನೆಗೆ ಕರ್ನಾಟಕ, ಆಂಧ್ರ, ತಮಿಳುನಾಡು ಎಂಬ ಬೋರ್ಡು ಕಾಣುವುದಿಲ್ಲ. ರಾಗಿ ತೆನೆ ಕಟ್ಟಿದ ವಾಸನೆ ಬಂದರೆ ಬರುತ್ತೆ. 2019ರಲ್ಲಿ ಕಮ್ಮಸಂದ್ರದ ಹೆಸರಿನಲ್ಲಿ ನಮ್ಮ ಜಿಲ್ಲೆಗೇ ಒಂದು ವನ್ಯಜೀವಿ ಧಾಮವಾಯಿತು. ಕಮ್ಮಸಂದ್ರ ಎಂದರೆ ನಮಗೆಲ್ಲ ಕೋಟಿಲಿಂಗ ಅಷ್ಟೇ ನೆನಪಾಗುತ್ತದೆ. ಅದೇ ಹೆಸರಿನಲ್ಲಿ ಸುಮಾರು 78 ಚದರ ಕಿಲೋಮೀಟರ್ ಕಾಡು ಇದೆ ಎನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳ ಲೆಕ್ಕ ಸಿಕ್ಕಿತು. ದೇಶದಲ್ಲೇ ನಮ್ಮ ರಾಜ್ಯ ಮೊದಲನೆಯದು. ಕೇಳಲು ಹೆಮ್ಮೆ. ಆದರೆ ಹೊಲದಲ್ಲಿ ಟೊಮೇಟೊ ಗಿಡ ತುಳಿದುಹೋದ ಮನೆಯವರಿಗೆ ಈ ಹೆಮ್ಮೆ ಹೊಟ್ಟೆ ತುಂಬಿಸುತ್ತಾ? ಆ ಬೆಳಗ್ಗೆ ಹೊಲದ ಹತ್ತಿರ ಮೊದಲು ಬಂದು ನಿಲ್ಲಬೇಕಾದವನು ಗಾರ್ಡು. ಬೈಗುಳ ತಿನ್ನುವವನೂ ಅವನೇ, ಪರಿಹಾರಕ್ಕೆ ಮಹಜರು ಬರೆಯುವವನೂ ಅವನೇ. ಅಲ್ಲಿ ಅವನು ಸರಿಯಾಗಿ ಬರೆದರೆ ರೈತನಿಗೆ ನಾಲ್ಕು ಕಾಸು ಬರುತ್ತೆ. ಅಡ್ಡಾದಿಡ್ಡಿ ಬರೆದರೆ ಅದೂ ಇಲ್ಲ. ಆದ್ದರಿಂದ ಈ ಕೆಲಸಕ್ಕೆ ಯಾರು ಬರುತ್ತಾರೆ ಎಂಬುದು ನಮ್ಮೂರಿಗೆ ಸಣ್ಣ ವಿಷಯ ಅಲ್ಲ.

ಇನ್ನು ಕೆಲಸಕ್ಕೆ ಏನೇನು ಬೇಕು ಎಂದು ನೋಡೋಣ. ಹೊಸದಾಗಿ ಅಧಿಸೂಚನೆ ಬಂದಾಗ ಅದನ್ನೇ ಪೂರ್ತಿ ಓದಿಕೊಳ್ಳಬೇಕು. ಆದರೆ ದಾರಿ ಸುಮಾರಾಗಿ ಹೀಗಿದೆ:

1. ಅರಣ್ಯ ವೀಕ್ಷಕ. ನಾವು ವಾಚರು ಎನ್ನುತ್ತೇವೆ. ಎಸ್.ಎಸ್.ಎಲ್.ಸಿ. ಪಾಸಾಗಿರಬೇಕು. 2023ರಲ್ಲಿ 310 ಹುದ್ದೆಗೆ ಅರ್ಜಿ ಕರೆದಿದ್ದರು.

2. ಗಸ್ತು ಅರಣ್ಯ ಪಾಲಕ. ಹಿಂದೆ ಅರಣ್ಯ ರಕ್ಷಕ ಎನ್ನುತ್ತಿದ್ದರು, ನಮ್ಮ ಬಾಯಲ್ಲಿ ಗಾರ್ಡು. ಪಿ.ಯು.ಸಿ. ಪಾಸಾಗಿರಬೇಕು. 2023ರಲ್ಲಿ 540 ಹುದ್ದೆ ಕರೆದರು. ವೃತ್ತದ ಪ್ರಕಾರ ನೇಮಕ, ನಮ್ಮ ಕೋಲಾರ ಬೆಂಗಳೂರು ವೃತ್ತಕ್ಕೆ ಸೇರುತ್ತದೆ. 18 ವರ್ಷ ತುಂಬಿರಬೇಕು. ಮೇಲಿನ ವಯಸ್ಸು ಒಂದೊಂದು ವರ್ಗಕ್ಕೆ ಒಂದೊಂದು.

3. ಅದರ ಮೇಲೆ ಉಪ ವಲಯ ಅರಣ್ಯಾಧಿಕಾರಿ, ವಲಯ ಅರಣ್ಯಾಧಿಕಾರಿ. ವಲಯ ಅರಣ್ಯಾಧಿಕಾರಿ ಹುದ್ದೆಗೆ ಡಿಗ್ರಿ ಬೇಕು. ಅರಣ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಓದಿದವರಿಗೆ ಬೇರೆ ಪಾಲು ಇದೆ. ಆ ಓದಿಗೆ ಶಿರಸಿಯಲ್ಲೂ ಕೊಡಗಿನ ಪೊನ್ನಂಪೇಟೆಯಲ್ಲೂ ಕಾಲೇಜುಗಳಿವೆ.

4. ಎಲ್ಲಕ್ಕಿಂತ ಮೇಲೆ ಭಾರತೀಯ ಅರಣ್ಯ ಸೇವೆ. ಅದಕ್ಕೆ ದೆಹಲಿಯ ಯು.ಪಿ.ಎಸ್.ಸಿ. ಪರೀಕ್ಷೆ ಪಾಸು ಮಾಡಬೇಕು. ಅದರಲ್ಲಿ ಗಂಡಸರು 4 ಗಂಟೆಯೊಳಗೆ 25 ಕಿಲೋಮೀಟರ್, ಹೆಂಗಸರು 14 ಕಿಲೋಮೀಟರ್ ನಡೆದು ತೋರಿಸಬೇಕು.

ದೇಹದ ಅಳತೆಯೂ ಇದೆ. ಗಾರ್ಡ್ ಕೆಲಸಕ್ಕೆ ಹುಡುಗರು 163 ಸೆಂಟಿಮೀಟರ್, ಹುಡುಗಿಯರು 150 ಸೆಂಟಿಮೀಟರ್ ಎತ್ತರ ಇರಬೇಕು. ಹುಡುಗರ ಎದೆ 79 ಸೆಂಟಿಮೀಟರ್, ಉಸಿರೆಳೆದರೆ ಇನ್ನೂ 5 ಉಬ್ಬಬೇಕು. ಓಟ, ಜಿಗಿತ, ಗುಂಡು ಎಸೆತ ಇರುತ್ತದೆ. ಕಣ್ಣು ಚೆನ್ನಾಗಿರಬೇಕು.

ಇಲ್ಲಿ ನಮಗೆ ಬೇಕಾದ ಒಂದು ಮುಖ್ಯ ವಿಷಯ ಇದೆ. ಒಂದನೇ ತರಗತಿಯಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಇಂಥ ಹುದ್ದೆಗಳಲ್ಲಿ ಶೇಕಡಾ 25 ಗ್ರಾಮೀಣ ಮೀಸಲಾತಿ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5. ಮಹಿಳೆಯರಿಗೆ ಶೇಕಡಾ 33. ಗ್ರಾಮೀಣ, ಕನ್ನಡ ಮಾಧ್ಯಮದ ಮೀಸಲಾತಿಗೆ ಪ್ರಮಾಣಪತ್ರ ಬೇಕು. ಗ್ರಾಮೀಣ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಅರ್ಜಿಯ ಕೊನೇ ದಿನ ಓಡಾಡಿದರೆ ಆಗದು. ಪೇಟೆಯ ಹುಡುಗರಿಗೆ ಇಲ್ಲದ ಅನುಕೂಲ ನಮಗಿದೆ. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಡಿ. ಗುರುಗಳಲ್ಲಿ ನನ್ನ ವಿನಂತಿ ಏನೆಂದರೆ, ಹತ್ತನೇ ತರಗತಿಯವರಿಗೆ ಟಿ.ಸಿ. ಕೊಡುವಾಗಲೇ ಈ ಪ್ರಮಾಣಪತ್ರಗಳ ವಿಷಯ ತಿಳಿಸಿಕೊಡಬೇಕು.

ಸರಿ, ಟೇಪು ಹಿಡಿದು ಎದೆ ಅಳೆಯಬಹುದು. ಆದರೆ ಈ ಕೆಲಸಕ್ಕೆ ನಿಜವಾಗಿ ಬೇಕಾದದ್ದು ಟೇಪಿಗೆ ಸಿಗುವುದಿಲ್ಲ ಎಂಬುದು ನನ್ನ ವಾದ. ಎರಡು ಉದಾಹರಣೆ ಕೊಡುತ್ತೇನೆ.

ಕೊಡಗಿನ ಕೆ.ಎಂ. ಚಿಣ್ಣಪ್ಪ ಎಂಬುವರು 1967ರಲ್ಲಿ ಕೆಳಗಿನ ಹಂತದ ಫಾರೆಸ್ಟರ್ ಆಗಿ ಇಲಾಖೆಗೆ ಸೇರಿದರು. ಆಮೇಲೆ ನಾಗರಹೊಳೆಯ ವಲಯ ಅರಣ್ಯಾಧಿಕಾರಿಯಾದರು. ಕಳ್ಳಬೇಟೆಯವರು, ಮರಗಳ್ಳರು ಅವರ ಹೆಸರು ಕೇಳಿದರೆ ಹೆದರುತ್ತಿದ್ದರು. ವೈರಿಗಳೂ ಹುಟ್ಟಿಕೊಂಡರು. 1993ರಲ್ಲಿ ಅವರು ಕೆಲಸ ಬಿಟ್ಟರು, ಆದರೆ ಕಾಡನ್ನು ಬಿಡಲಿಲ್ಲ. ಆಮೇಲೂ ಶಾಲಾ ಮಕ್ಕಳಿಗೆ ಕಾಡಿನ ಪಾಠ ಹೇಳಿದರು. 2024ರಲ್ಲಿ ತೀರಿಕೊಂಡರು. ನಾಗರಹೊಳೆಯಲ್ಲಿ ಇವತ್ತು ಹುಲಿ ಇದೆ ಎಂದರೆ ಅದರಲ್ಲಿ ಅವರ ಬೆವರೂ ಇದೆ.

ಎರಡನೆಯವರು ಪಿ. ಶ್ರೀನಿವಾಸ್. ಆಂಧ್ರದ ರಾಜಮಹೇಂದ್ರಿಯವರು, ಕರ್ನಾಟಕದಲ್ಲಿ ದೊಡ್ಡ ಅಧಿಕಾರಿ. ವೀರಪ್ಪನ್ ಹುಟ್ಟಿದ ಗೋಪಿನಾಥಂಗೆ ಹೋಗಿ ಅವರು ಮಾಡಿದ್ದೇನು? ಬರೀ ಬಂದೂಕು ಹಿಡಿದು ಕೂರಲಿಲ್ಲ. ಊರಿನವರಿಗೆ ಔಷಧಿ ಸಿಗುವಂತೆ ಮಾಡಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು, ಜನರ ಜೊತೆ ಬೆರೆತರು. 1991ರ ನವೆಂಬರ್ 10ರಂದು ವೀರಪ್ಪನ್ ಅವರನ್ನು ಮೋಸದಿಂದ ಕೊಂದ. ಸರ್ಕಾರ ಅವರಿಗೆ ಕೀರ್ತಿ ಚಕ್ರ ಕೊಟ್ಟಿತು. ಜನರನ್ನು ಬಿಟ್ಟು ಕಾಡು ಕಾಯೋಕಾಗಲ್ಲ ಎಂದು ಅವರಿಗೆ ಗೊತ್ತಿತ್ತು. ಇದು ಯಾವ ಅಧಿಸೂಚನೆಯಲ್ಲೂ ಬರೆದಿಲ್ಲದ ಅರ್ಹತೆ.

ನಮ್ಮ ಭಾಗಕ್ಕೆ ಬೇಕಾದ ಇನ್ನೊಂದು ಅರ್ಹತೆ ಇದೆ, ಅದು ಭಾಷೆ. ಇಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆ.ಜಿ.ಎಫ್. ಪೇಟೆಗೆ ಹೋದರೆ ತಮಿಳು. ಮೂರೂ ನಮಗೆ ನೀರು ಕುಡಿದಷ್ಟು ಸುಲಭ. ಆನೆ ಗಡಿ ದಾಟಿ ಬಂದ ರಾತ್ರಿ ಆಚೆಯ ಊರಿನವರ ಹತ್ತಿರ ಫೋನಿನಲ್ಲಿ ಮಾತಾಡಿ "ಎಷ್ಟು ಆನೆ, ಮರಿ ಇದೆಯಾ, ಯಾವ ಕಡೆ ಹೊರಟವು" ಎಂದು ಕೇಳಬಲ್ಲ ಗಾರ್ಡು ಬೇಕು. ದೂರದ ಜಿಲ್ಲೆಯಿಂದ ಬಂದವರು ಒಳ್ಳೆಯವರೇ ಇರಬಹುದು. ಆದರೆ ಯಾವ ಕೆರೆಯಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತೆ, ಯಾವ ಬಂಡೆ ಸಂದಿಯಲ್ಲಿ ಚಿರತೆ ಮಲಗುತ್ತೆ, ಯಾರ ತೋಟದಲ್ಲಿ ಹಂದಿಗೆ ಉರುಲು ಹಾಕುತ್ತಾರೆ ಎಂದು ಅವರು ಕಲಿಯುವಷ್ಟರಲ್ಲಿ ವರ್ಗವಾಗುತ್ತದೆ.

ಈಗ ಎದುರು ಮಾತುಗಳಿಗೆ ಬರೋಣ.

"ನಮ್ಮೂರವನೇ ಗಾರ್ಡಾದರೆ ನಮ್ಮವರ ಮೇಲೇ ಕೇಸು ಹಾಕಬೇಕಲ್ಲ?" ಇದು ದೊಡ್ಡ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. 2023ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಅರಣ್ಯ ಒತ್ತುವರಿ ತೆರವು ಮಾಡಿದಾಗ ಮಾವಿನ ಮರಗಳು ಉರುಳಿದವು, ರೈತರು ಬೀದಿಗಿಳಿದರು. ಒಂದು ಕಡೆ ಕಾನೂನು, ಇನ್ನೊಂದು ಕಡೆ ವರ್ಷಗಟ್ಟಲೆ ಬೆವರು ಸುರಿಸಿದ ಕೈ. ಸಮವಸ್ತ್ರ ಹಾಕಿದವನು ಇದರ ಮಧ್ಯೆ ನಿಲ್ಲಬೇಕು. ಸ್ವಂತ ಮಾವನೇ ಎದುರಿಗೆ ಬಂದು "ಏನಪ್ಪಾ, ನಮಗೇ ಕಾನೂನು ಹೇಳ್ತೀಯಾ?" ಎಂದರೆ ಏನು ಹೇಳುತ್ತೀರಿ? ನನ್ನ ಪ್ರಕಾರ ಊರವನಾದ ಗಾರ್ಡು ಕೇಸು ಹಾಕುವ ದಿನದವರೆಗೆ ಕಾಯಬಾರದು. ಮೊದಲ ಸಾಲು ಉಳುವಾಗಲೇ ಹೋಗಿ "ಮಾವಾ, ಇಲ್ಲಿಂದಾಚೆ ಗಡಿಕಲ್ಲಿದೆ, ಬೇಡ" ಎನ್ನಬೇಕು. ಮರ ಹಣ್ಣು ಬಿಡುವವರೆಗೆ ಸುಮ್ಮನಿದ್ದು ಆಮೇಲೆ ಕಡಿಯುವುದು ಯಾರಿಗೂ ನ್ಯಾಯ ಅಲ್ಲ. ಇದನ್ನು ದಿನಾ ನಡೆದು ನೋಡುವವನು ಮಾತ್ರ ಮಾಡಬಲ್ಲ. ಹೇಳಿದ ಮೇಲೂ ಕೇಳದಿದ್ದರೆ ಮಾವನಾದರೂ ಸರಿ, ಕಾನೂನು ಕಾನೂನೇ.

"ಗಾರ್ಡುಗಳೇ ಲಂಚ ತಿಂತಾರೆ, ಬೇಲಿಯೇ ಎದ್ದು ಹೊಲ ಮೇಯ್ದಂಗೆ" ಎಂಬುದು ಎರಡನೇ ಮಾತು. ಎಲ್ಲ ಇಲಾಖೆಗಳಲ್ಲೂ ಹುಳುಕು ಇರಬಹುದು. ಬೇಲಿ ಮೇಯುತ್ತೆ ಅಂತ ಹೊಲಕ್ಕೆ ಬೇಲಿಯೇ ಬೇಡ ಅನ್ನೋಕಾಗುತ್ತಾ? ಒಳ್ಳೆ ಕಡ್ಡಿ ಹುಡುಕಿ ಬೇಲಿ ಕಟ್ಟಬೇಕು. ಆ ಕಡ್ಡಿ ನಾವೇ ಯಾಕಾಗಬಾರದು?

"ಪ್ರಾಣ ಹೋಗೋ ಕೆಲಸ" ಎಂಬುದು ಮೂರನೇ ಮಾತು. ಇದು ನಿಜ, ಸುಳ್ಳು ಹೇಳುವುದಿಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಅರಣ್ಯ ರಕ್ಷಕರು ಸುಟ್ಟುಹೋದರು. 2018ರ ಮಾರ್ಚಿಯಲ್ಲಿ ನಾಗರಹೊಳೆಯ ನಿರ್ದೇಶಕರಾಗಿದ್ದ ಎಸ್. ಮಣಿಕಂದನ್ ಅವರು ಆನೆಯ ದಾಳಿಗೆ ಸಿಕ್ಕಿ ತೀರಿಕೊಂಡರು. ಸೆಪ್ಟೆಂಬರ್ 11ನ್ನು ಅರಣ್ಯ ಹುತಾತ್ಮರ ದಿನ ಎಂದು ಆಚರಿಸುವುದು ಇಂಥವರ ನೆನಪಿಗೆ. ಹಾಗಂತ ಅಪಾಯ ಇದ್ದರೂ ಪರವಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಅಪಾಯದ ಕೆಲಸ ಮಾಡಿಸಿಕೊಳ್ಳುವ ಸರ್ಕಾರ ಒಳ್ಳೆ ಬೂಟು, ಟಾರ್ಚು, ಜೀಪು, ವಿಮೆ ಕೊಡಬೇಕು. ಕಳ್ಳಬೇಟೆ ತಡೆ ಶಿಬಿರಗಳಲ್ಲಿ ದಿನಗೂಲಿ, ಹೊರಗುತ್ತಿಗೆ ಎಂದು ಕಡಿಮೆ ಸಂಬಳಕ್ಕೆ ರಾತ್ರಿ ಹಗಲು ದುಡಿಯುವವರಿದ್ದಾರೆ. ಆನೆ ಎದುರಿಗೆ ಬಂದರೆ ನೀನು ಕಾಯಂ ನೌಕರನಾ, ಗುತ್ತಿಗೆಯಾ ಎಂದು ಕೇಳುವುದಿಲ್ಲ. ಅಂಥವರ ಅನುಭವಕ್ಕೆ ನೇಮಕಾತಿಯಲ್ಲಿ ಬೆಲೆ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

"ಹುಡುಗಿಯರಿಗೆ ಆಗಲ್ಲ" ಎಂಬುದು ನಾಲ್ಕನೇ ಮಾತು. ಇದಕ್ಕೆ ಉತ್ತರ ಚಿಕ್ಕದು. ಬಿಂದಿಗೆ ಹೊತ್ತು ಬಂಡೆ ಹತ್ತುವವರು ಯಾರು? ಸೌದೆ ತರುವವರು ಯಾರು? ಕಾಡಿನ ದಾರಿ ಹೆಚ್ಚು ಬಲ್ಲವರು ನಮ್ಮ ಅಮ್ಮ ಅಜ್ಜಿಯರೇ. ಈಗಾಗಲೇ ರಾಜ್ಯದಲ್ಲಿ ಮಹಿಳಾ ಗಾರ್ಡುಗಳು ಗಸ್ತು ತಿರುಗುತ್ತಿದ್ದಾರೆ. ಸೌದೆಗೆ ಹೋದ ಅಜ್ಜಿಯ ಹತ್ತಿರ ಒಬ್ಬ ಮಹಿಳಾ ಗಾರ್ಡು ಮಾತಾಡುವ ರೀತಿಯೇ ಬೇರೆ ಇರುತ್ತದೆ.

ಕೊನೆಯದಾಗಿ ಒಂದು ಮಾತು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿಯವರಿಗೆ ಅನ್ನ ಕೊಟ್ಟ ಕೆಲಸ ಒಂದೇ ದಿನ ಹೋಯಿತು. ಅಂದಿನಿಂದ ಮಾರಿಕುಪ್ಪಂ, ಬಂಗಾರಪೇಟೆಯಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರುವುದೇ ಎಷ್ಟೋ ಮನೆಗಳ ಬದುಕಾಗಿದೆ. ಚಿನ್ನ ಅಗೆದರೆ ಮುಗಿಯುತ್ತೆ. ಕಾಡು ಕಾದರೆ ಮುಗಿಯುವುದಿಲ್ಲ, ಬೆಳೆಯುತ್ತೆ. ನೆಲದ ಕೆಳಗಿನ ಸಂಪತ್ತು ಹೋದ ಊರಿನಲ್ಲಿ ನೆಲದ ಮೇಲಿನದನ್ನಾದರೂ ಉಳಿಸಿಕೊಳ್ಳಬೇಡವೇ?

ಈಗಿನಿಂದಲೇ ಏನು ಮಾಡಬಹುದು? ದಿನಾ ಬೆಳಗ್ಗೆ ಓಡಿ, ಪಿ.ಯು.ಸಿ.ಯಲ್ಲಿ ಒಳ್ಳೆ ಅಂಕ ತೆಗೆಯಿರಿ. ಮಹಜರು ಬರೆಯಬೇಕಾದ್ದರಿಂದ ತಪ್ಪಿಲ್ಲದ ಕನ್ನಡ ಕಲಿಯಿರಿ. ನಮ್ಮ ಸುತ್ತ ಇರುವ ಹತ್ತು ಮರ, ಹತ್ತು ಹಕ್ಕಿಗಳ ಹೆಸರು ಅಜ್ಜಂದಿರನ್ನು ಕೇಳಿ ಬರೆದಿಡಿ. ಬೇಸಿಗೆಯಲ್ಲಿ ಹೊಸ ಹುಲ್ಲು ಬರಲಿ ಎಂದು ಬೆಟ್ಟಕ್ಕೆ ಬೆಂಕಿ ಹಾಕುವವರನ್ನು ಕಂಡರೆ "ಬೇಡ ತಾತ" ಎಂದು ಹೇಳುವ ಧೈರ್ಯ ಮಾಡಿ. ಇದಕ್ಕೆ ಯಾವ ಸಮವಸ್ತ್ರವೂ ಬೇಡ.

ಎದೆ 79 ಸೆಂಟಿಮೀಟರ್ ಇದ್ದರೆ ಕೆಲಸ ಸಿಗಬಹುದು. ಆ ಎದೆಯೊಳಗೆ ರೈತನಿಗೂ ಆನೆಗೂ ಇಬ್ಬರಿಗೂ ಜಾಗ ಇದ್ದರೆ ಮಾತ್ರ ಕೆಲಸ ನಡೆಯುತ್ತೆ. ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆದು ಕೊಡಿ, ಓದಲು ಕಾಯುತ್ತಿರುತ್ತೇನೆ.


10ನೇ ತರಗತಿಯ ಒಬ್ಬ ವಿದ್ಯಾರ್ಥಿನಿ, ಕ್ಯಾಸಂಬಳ್ಳಿ