ಚೆಂಡಿನ ಹಿಂದೆ ಓಡುವ ಹುಡುಗನಿಗೆ ಮೂರು ಪುಸ್ತಕ

ಕೃಷ್ಣರಾಜಪೇಟೆಯಿಂದ ಗೃಹಸ್ಥರೊಬ್ಬರು ಕಾಗದ ಬರೆದಿದ್ದಾರೆ. ಅವರ 14 ವರ್ಷದ ಮಗನಿಗೆ ಕಾಲ್ಚೆಂಡಾಟವೆಂದರೆ ಹಸಿವು ಬಾಯಾರಿಕೆಗಳ ಪರಿವೆಯಿಲ್ಲವಂತೆ. ಪುಸ್ತಕವೆಂದರೆ ಮಾತ್ರ ಆಕಳಿಕೆಯಂತೆ. ಈ ಹುಚ್ಚನ್ನು ಬಿಡಿಸುವ ಗ್ರಂಥ ಯಾವುದಾದರೂ ಉಂಟೇ ಎಂದು ಕೇಳಿದ್ದಾರೆ. ಬಿಡಿಸುವ ಗ್ರಂಥವನ್ನು ನಾವು ಕಂಡಿಲ್ಲ. ಆದರೆ ಆ ಹುಚ್ಚಿನ ಕೈಹಿಡಿದೇ ಹುಡುಗನನ್ನು ಓದಿನ ಮನೆಗೆ ಕರೆತರಬಲ್ಲ ಗ್ರಂಥಗಳುಂಟು. ಅವು ಇಂಗ್ಲಿಷಿನಲ್ಲಿ ದೊರೆಯುವುದರಿಂದ, ಮೊದಮೊದಲು ತಂದೆಯೇ ಓದಿಕೊಂಡು, ರಾತ್ರಿ ಊಟವಾದ ಮೇಲೆ ಕನ್ನಡದಲ್ಲಿ ಕಥೆ ಹೇಳುವುದು ಲೇಸು.

ಕಥೆಗೆ ತಕ್ಕದ್ದು ಉರುಗ್ವೆ ದೇಶದ ಎಡುವಾರ್ಡೊ ಗಲಿಯಾನೊ 1995ರಲ್ಲಿ ಸ್ಪ್ಯಾನಿಷಿನಲ್ಲಿ ಪ್ರಕಟಿಸಿದ, 'ಸಾಕರ್ ಇನ್ ಸನ್ ಅಂಡ್ ಷ್ಯಾಡೋ' ಎಂದು ಇಂಗ್ಲಿಷಿಗೆ ಬಂದ ಪುಸ್ತಕ. ಅಧ್ಯಾಯಗಳು ಬಲು ಚಿಕ್ಕವು. ದಿನಕ್ಕೆರಡು ಹೇಳಿದರೂ ಬೇಸರವಾಗದು. 1950ರ ವಿಶ್ವಕಪ್ಪಿನಲ್ಲಿ ಬ್ರೆಜಿಲನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿದ ಉರುಗ್ವೆಯ ನಾಯಕ ಒಬ್ದುಲಿಯೊ ವರೇಲಾ, ಆ ರಾತ್ರಿ ವಿಜಯೋತ್ಸವವನ್ನು ತೊರೆದು, ಪಾನಗೃಹಗಳಲ್ಲಿ ದುಃಖಿತರಾದ ಬ್ರೆಜಿಲಿಯನ್ನರ ಜೊತೆ ಕುಳಿತ ಪ್ರಸಂಗವನ್ನು ಕೇಳಿದ ಹುಡುಗ ಗೆಲುವಿನ ವಿಷಯದಲ್ಲಿ ಬೇರೆಯೇ ಪಾಠ ಕಲಿತಾನು.

ಎರಡನೆಯದು ಬುದ್ಧಿಗೆ ಕಸರತ್ತು: ಜೊನಾಥನ್ ವಿಲ್ಸನ್ನರ 'ಇನ್ವರ್ಟಿಂಗ್ ದಿ ಪಿರಮಿಡ್' (2008). ವ್ಯೂಹಗಳ ಚರಿತ್ರೆ ಇದು. ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ನಿಲ್ಲುವುದೇ ದೀರ್ಘಕಾಲ ಆಟದ ಪದ್ಧತಿಯಾಗಿತ್ತು. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲಗೊಂಡಿತು. ಮುನ್ನುಗ್ಗುವವನ ಎದುರಿಗೆ ಮೂವರು ಎದುರಾಳಿಗಳ ಬದಲು ಇಬ್ಬರಿದ್ದರೆ ಸಾಕೆಂದಾಯಿತು. ಗೋಲುಗಳ ಮಳೆ ಸುರಿಯಿತು. ಆಗ ಆರ್ಸೆನಲ್ ತಂಡದ ಹರ್ಬರ್ಟ್ ಚ್ಯಾಪ್‌ಮನ್ ನಡುವಿನವನೊಬ್ಬನನ್ನು ರಕ್ಷಣೆಗೆ ಹಿಂದಕ್ಕೆ ತಂದರು. ಹೀಗೆ ಒಂದೊಂದು ನಡೆಗೂ ಒಂದೊಂದು ಮರುನಡೆ ಹುಟ್ಟಿದ್ದನ್ನು, ಚದುರಂಗ ಬಲ್ಲ ತಂದೆ ಹಲಗೆಯ ಮೇಲೆ ಕಾಯಿಗಳನ್ನಿಟ್ಟೇ ತೋರಿಸಬಹುದು.

ಐವರು ಮುಂದಾಳುಗಳ ಆ ಸಾಲಿಗೆ ನಮ್ಮ ದೇಶದಲ್ಲೂ ಕೀರ್ತಿಯುಂಟು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ—ದಕ್ಷಿಣದವರಾದ ಈ ಐವರನ್ನು ಬಂಗಾಳದ ಜನ 'ಪಂಚಪಾಂಡವರು' ಎಂದೇ ಕರೆದರು. 1949ರಿಂದ 1951ರವರೆಗೆ ಆ ತಂಡ ಸತತ ಮೂರು ಬಾರಿ ಐ.ಎಫ್.ಎ. ಷೀಲ್ಡ್ ಗೆದ್ದಿತು. ಕುಂತಿಬೆಟ್ಟವನ್ನೂ ಪಾಂಡವಪುರವನ್ನೂ ನೆರೆಯಲ್ಲೇ ಹೊಂದಿರುವ ಪೇಟೆಯ ಹುಡುಗನಿಗೆ ಈ ಬಿರುದಿನ ಸೊಗಸನ್ನು ವಿವರಿಸಬೇಕಾಗಿಲ್ಲ. ಅವರಲ್ಲಿ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು.

ಇಂಥ ಕಾಲವನ್ನು ತಿಳಿಯಲು ನೋವಿ ಕಪಾಡಿಯಾರ 'ಬೇರ್‌ಫುಟ್ ಟು ಬೂಟ್ಸ್' (2017) ಮೂರನೆಯ ಪುಸ್ತಕ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬಹುಮಂದಿ ಬರಿಗಾಲಿನಲ್ಲೇ ಆಡಿದ ಭಾರತ ಫ್ರಾನ್ಸಿಗೆ ಕೇವಲ 2-1ರಿಂದ ಸೋತಿತು. ಎರಡು ಪೆನಾಲ್ಟಿಗಳು ವ್ಯರ್ಥವಾಗದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಭಾರತದ ಆ ಒಂದು ಗೋಲನ್ನು ಹೊಡೆದವರು ಮೈಸೂರಿನ ಆಟಗಾರ ಸಾರಂಗಪಾಣಿ ರಾಮನ್. ನಮ್ಮ ಮನೆಗಳಲ್ಲಿ ಎಷ್ಟು ಮಕ್ಕಳು ಈ ಹೆಸರನ್ನು ಕೇಳಿದ್ದಾರೆ?

ಇಲ್ಲಿಯೇ ನಮಗೊಂದು ಕಳವಳ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು 1946-47, 1952-53, 1967-68 ಮತ್ತು 1968-69ರಲ್ಲಿ ತಂದಿತು. ಮತ್ತೆ ಅದು ಕರ್ನಾಟಕಕ್ಕೆ ದಕ್ಕಿದ್ದು 54 ವರ್ಷಗಳ ತರುವಾಯ, 2023ರ ಮಾರ್ಚಿಯಲ್ಲಿ, ದೂರದ ರಿಯಾದ್ ನಗರದಲ್ಲಿ. ಹಿಂದಿನ ಆ ಪಂದ್ಯಗಳನ್ನು ಕಣ್ಣಾರೆ ಕಂಡವರು ಇಂದು ಮುಪ್ಪಿನವರು. ಅವರೊಡನೆಯೇ ಎಷ್ಟೋ ಸಂಗತಿಗಳು ಅಳಿದುಹೋಗುತ್ತಿವೆ. ಗ್ರಂಥಗಳಲ್ಲಿ ಉಳಿದಿರುವುದು ಹೆಸರು, ಇಸವಿ, ಗೋಲುಗಳ ಲೆಕ್ಕ.

ಆದ್ದರಿಂದ, ಕಾಗದ ಬರೆದ ಮಹನೀಯರೇ, ಮೂರು ಪುಸ್ತಕಗಳ ಜೊತೆಗೆ ಬರೆಯದ ಒಂದು ನೋಟುಪುಸ್ತಕವನ್ನೂ ಮಗನಿಗೆ ಕೊಡಿಸಿ. ನಿಮ್ಮ ಪೇಟೆಯಲ್ಲಿ, ನೆಂಟರ ಮನೆಗಳಲ್ಲಿ, ಹಿಂದೆ ಚೆಂಡಾಡಿದ ಹಿರಿಯರಿದ್ದರೆ ಅವರ ಬಳಿಗೆ ಕಳುಹಿಸಿ. ಯಾವ ಮೈದಾನ, ಯಾರ ತಂಡ, ಚೆಂಡು ಹರಿದರೆ ಹೊಲಿಯುತ್ತಿದ್ದವರು ಯಾರು—ಕೇಳಿ ಬರೆದುಕೊಳ್ಳಲಿ. ಓದಲೊಲ್ಲದ ಹುಡುಗ ಬರೆಯತೊಡಗಿದರೆ ನಮಗೂ ಎರಡು ಸಾಲು ತಿಳಿಸಿ.