ಹಿಮ್ಮೇಳವಿಲ್ಲದ ಮೇಳ

ಸಂಘ ಕಟ್ಟುವುದನ್ನು ಕಾಸರಗೋಡಿನ ಕನ್ನಡಿಗರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿ ಹುಟ್ಟಿದ ಸಂಘ, ಸಮಿತಿ, ಬಳಗ, ವೇದಿಕೆಗಳನ್ನು ಲೆಕ್ಕವಿಡುವುದೇ ಕಷ್ಟ. ಹುಟ್ಟಿದವುಗಳಲ್ಲಿ ಎಷ್ಟು ಉಳಿದಿವೆ ಎಂದು ಕೇಳಿದಾಗ ಮಾತ್ರ ನಮ್ಮ ದನಿ ತಗ್ಗುತ್ತದೆ. ಉತ್ಸಾಹಿಯಾದ ಒಬ್ಬ ಅಧ್ಯಕ್ಷರ ಕಾಲದಲ್ಲಿ ಚಿಗುರಿದ ಸಂಘ ಅವರ ಮೊಣಕಾಲು ನೋವಿನೊಡನೆ ತಾನೂ ಕುಂಟತೊಡಗುತ್ತದೆ. ಅವರು ಹಾಸಿಗೆ ಹಿಡಿದರೆ ಸಂಘವೂ ಮಲಗುತ್ತದೆ. ಕೊನೆಗೆ ಉಳಿಯುವುದು ಒಂದು ನಾಮಫಲಕ, ಒಂದು ರಬ್ಬರ್ ಮೊಹರು ಮತ್ತು ಯಾರ ಮನೆಯಲ್ಲಿದೆಯೆಂದು ತಿಳಿಯದ ಒಂದು ನಡಾವಳಿ ಪುಸ್ತಕ.

ಇದಕ್ಕೆ ಭಾಷಾಭಿಮಾನದ ಕೊರತೆಯೇ ಕಾರಣವೆಂದು ಹೇಳುವವರಿದ್ದಾರೆ. ಸರಕಾರದ ಅಸಡ್ಡೆಯೇ ಕಾರಣವೆನ್ನುವವರೂ ಇದ್ದಾರೆ. ಈ ಎರಡು ಮಾತುಗಳನ್ನೂ ನಾವು ಒಪ್ಪುವುದಿಲ್ಲ. ಅಭಿಮಾನವಿಲ್ಲದಿದ್ದರೆ ತೋಟದ ಕೆಲಸವನ್ನೂ ಅಂಗಡಿಯ ವ್ಯಾಪಾರವನ್ನೂ ಬಿಟ್ಟು ಜನ ಸಮ್ಮೇಳನಗಳಿಗೆ ಬರುತ್ತಿರಲಿಲ್ಲ. ಸರಕಾರದ ಅಸಡ್ಡೆ ನಿಜವೇ. ಆದರೆ ಅದು ಸಂಘಗಳು ಇರಬೇಕಾದುದಕ್ಕೆ ಕಾರಣವೇ ಹೊರತು ಅವು ಸೊರಗುವುದಕ್ಕೆ ನೆಪವಾಗಬಾರದು. ಕೆಲಸವನ್ನು ಹಂಚಿಕೊಡದೆ, ಹೊಸಬರಿಗೆ ಹೊಣೆಯನ್ನೂ ಅಧಿಕಾರವನ್ನೂ ಒಟ್ಟಿಗೆ ಒಪ್ಪಿಸದೆ, ಎಲ್ಲವನ್ನೂ ಒಬ್ಬಿಬ್ಬರ ಹೆಗಲ ಮೇಲೆ ಹೊರಿಸಿಬಿಡುವ ಕ್ರಮವೇ ನಮ್ಮ ಸಂಘಗಳನ್ನು ಒಳಗಿನಿಂದ ತಿನ್ನುತ್ತಿದೆ ಎಂಬುದು ನಮ್ಮ ವಾದ.

ಸಂಘವೊಂದರ ವರ್ಷ ಹೇಗೆ ಕಳೆಯುತ್ತದೆ ಎಂಬುದು ಓದುಗರಿಗೆ ತಿಳಿದದ್ದೇ. ಮಹಾಸಭೆಯಲ್ಲಿ ಹಳೆಯ ಸಮಿತಿಯೇ ಮುಂದುವರಿಯಲೆಂದು ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ರಾಜ್ಯೋತ್ಸವಕ್ಕೆ ಭಾಷಣ, ವಾರ್ಷಿಕೋತ್ಸವಕ್ಕೆ ಶಾಲು, ಹಾರ, ಸ್ಮರಣಿಕೆ. ಹದಿನೈದು ಮಂದಿಯ ಕಾರ್ಯಕಾರಿ ಸಮಿತಿಯಿದ್ದರೂ ಬ್ಯಾಂಕಿಗೆ ಹೋಗುವವರು, ಅಚ್ಚುಕೂಟಕ್ಕೆ ಹೋಗುವವರು, ಅತಿಥಿಗಳನ್ನು ಕರೆತರುವವರು ಅದೇ ಇಬ್ಬರು. ಉಳಿದವರ ಪಾಲಿಗೆ ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಅಚ್ಚಾಗುವುದೇ ಕೆಲಸ. ಆ ಇಬ್ಬರು ದಣಿಯುತ್ತಾರೆ. ದಣಿದವರು ಸಹಜವಾಗಿಯೇ ಹೋದ ವರ್ಷ ಮಾಡಿದ್ದನ್ನೇ ಈ ವರ್ಷವೂ ಮಾಡುತ್ತಾರೆ. ಹೊಸತನ ಬತ್ತಿಹೋಗುವುದು ಹೀಗೆ; ಇದಕ್ಕೆ ಯಾರ ಕೆಟ್ಟತನವೂ ಬೇಕಾಗಿಲ್ಲ.

ಯುವಕರು ಬರುವುದಿಲ್ಲವೆಂಬ ದೂರು ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ಬಂದವರಿಗೆ ಏನು ಕೊಡಲಾಗುತ್ತದೆ ಎಂಬುದನ್ನೂ ಕೇಳಬೇಕಲ್ಲವೇ? ಮಂಗಳೂರು, ಬೆಂಗಳೂರು, ಕೊಚ್ಚಿಗಳ ಕಚೇರಿಗಳಲ್ಲಿ ನಮ್ಮ ಮಕ್ಕಳು ಐದಾರು ಮಂದಿಯ ತಂಡಗಳಲ್ಲಿ ದುಡಿಯುತ್ತಾರೆ. ಅಲ್ಲಿ ಇಪ್ಪತ್ತೈದರ ಹುಡುಗಿಯೊಬ್ಬಳು ತನ್ನ ಪಾಲಿನ ಕೆಲಸಕ್ಕೆ ತಾನೇ ಒಡತಿ. ತಪ್ಪಿದರೆ ಉತ್ತರ ಹೇಳುವವಳೂ ಅವಳೇ. ಅದೇ ಹುಡುಗಿ ಊರಿಗೆ ಬಂದು ಸಂಘದ ಬಾಗಿಲಲ್ಲಿ ನಿಂತರೆ ಅವಳಿಗೆ ಸಿಗುವುದು ಪ್ರಾರ್ಥನೆ ಹಾಡುವ ಕೆಲಸ, ಅವಳ ತಮ್ಮನಿಗೆ ಕುರ್ಚಿ ಜೋಡಿಸುವ ಕೆಲಸ. ಕುರ್ಚಿ ಜೋಡಿಸುವುದು ಕೀಳಲ್ಲ. ಆದರೆ ಹತ್ತು ವರ್ಷ ಕುರ್ಚಿ ಜೋಡಿಸಿದವನಿಗೂ ಆ ಕುರ್ಚಿಗಳ ಮುಂದೆ ಏನು ನಡೆಯಬೇಕೆಂದು ಹೇಳುವ ಹಕ್ಕಿಲ್ಲದಿದ್ದರೆ ಅವನು ಹನ್ನೊಂದನೆಯ ವರ್ಷ ಬಾರದಿರುವುದೇ ವಿವೇಕ.

ತಂಡವಾಗಿ ದುಡಿಯುವ ವಿದ್ಯೆಯನ್ನು ಹೊರಗಿನವರಿಂದ ಎರವಲು ತರಬೇಕೆಂದು ನಾವು ಹೇಳುತ್ತಿಲ್ಲ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಅದು ಪಿತ್ರಾರ್ಜಿತ ಆಸ್ತಿ. ಯಕ್ಷಗಾನದ ಮೇಳವೊಂದನ್ನು ಗಮನಿಸಿ. ಪ್ರಸಂಗದ ಪದ್ಯ ಮಾತ್ರ ಮೊದಲೇ ರಚಿತವಾದದ್ದು. ಮಾತು ಆಯಾ ರಾತ್ರಿ ರಂಗದಲ್ಲೇ ಹುಟ್ಟಬೇಕು. ಭಾಗವತರು ಹಿಂದೆ ಕುಳಿತು ಇಡೀ ಆಟವನ್ನು ನಡೆಸುತ್ತಾರೆ, ಆದರೆ ವೇಷಧಾರಿಯ ಮಾತನ್ನು ತಾವು ಆಡುವುದಿಲ್ಲ. ಮಾತು ಅತಿಯಾದರೆ ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾರೆ, ಅಷ್ಟೆ. ಚೆಂಡೆಯವರು ವೇಷದ ಹೆಜ್ಜೆಯನ್ನು ನೋಡುತ್ತಾರೆ, ವೇಷ ಚೆಂಡೆಯನ್ನು ಕೇಳುತ್ತದೆ. ಚೌಕಿಯಲ್ಲಿ ಯಾರಿಗೆ ಯಾವ ಕೆಲಸವೆಂಬುದರ ಬಗ್ಗೆ ಗೊಂದಲವಿಲ್ಲ. ಚೌಕಟ್ಟು ಗಟ್ಟಿ, ಅದರೊಳಗೆ ಸ್ವಾತಂತ್ರ್ಯ ಧಾರಾಳ. ಯಾವ ಸಂಸ್ಥೆಗಾದರೂ ಇದಕ್ಕಿಂತ ಒಳ್ಳೆಯ ಮಾದರಿಯನ್ನು ಎಲ್ಲಿಂದ ತರೋಣ?

ಇನ್ನೂ ಒಂದು ಸಂಗತಿಯಿದೆ. ಮೇಳಕ್ಕೆ ಸೇರಿದ ಹುಡುಗ ಪೂರ್ವರಂಗದಲ್ಲಿ ಕೋಡಂಗಿಯಾಗಿ, ಬಾಲಗೋಪಾಲನಾಗಿ ಕುಣಿಯುತ್ತಾನೆ. ವೇಷ ಚಿಕ್ಕದು, ಹೊತ್ತು ಸಂಜೆಯದು, ನೋಡುವವರು ಕೆಲವರೇ. ಆದರೂ ಅವನು ಕುಣಿಯುವುದು ನಿಜವಾದ ರಂಗದಲ್ಲಿ, ನಿಜವಾದ ಹಿಮ್ಮೇಳದೊಂದಿಗೆ. ಅಲ್ಲಿಂದ ಸ್ತ್ರೀವೇಷ, ಪುಂಡುವೇಷ ಎಂದು ಅವನು ಏರುತ್ತಾ ಹೋಗುತ್ತಾನೆ. ಈ ಕಲೆ ತಲೆಮಾರುಗಳನ್ನು ದಾಟಿ ಬಂದುದರಲ್ಲಿ ಈ ಮೆಟ್ಟಿಲುಗಳ ಪಾಲು ದೊಡ್ಡದು. ನಮ್ಮ ಸಂಘಗಳಲ್ಲಿ ಪೀಠಿಕೆ ವೇಷವಿದೆ, ಬಾಲಗೋಪಾಲನಿಲ್ಲ. ಅಧ್ಯಕ್ಷರೇ ಭಾಗವತರು, ಅವರೇ ಎದುರು ವೇಷ, ಕೆಲವೊಮ್ಮೆ ದೀವಟಿಗೆ ಹಿಡಿಯುವವರೂ ಅವರೇ. ಹಿಮ್ಮೇಳವಿಲ್ಲದ ಇಂಥ ಮೇಳ ಎಷ್ಟು ಹೊತ್ತು ಆಡೀತು?

ಸಂಪ್ರದಾಯವೆಂದರೆ ಬದಲಾಗದಿರುವುದು ಎನ್ನುವವರಿಗೂ ಯಕ್ಷಗಾನವೇ ಉತ್ತರ ಕೊಡುತ್ತದೆ. ಬಯಲಾಟ ಡೇರೆಯೊಳಗೆ ಬಂದು ಟಿಕೆಟು ಕಂಡಿತು. ತುಳು ಪ್ರಸಂಗಗಳು ರಂಗವೇರಿದವು. ಇಡೀ ರಾತ್ರಿಯ ಆಟ ಎಷ್ಟೋ ಕಡೆ ಕಾಲಮಿತಿಗೆ ಒಳಪಟ್ಟಿತು. ಒಂದೊಂದಕ್ಕೂ ಆಕ್ಷೇಪಗಳಿದ್ದವು, ಈಗಲೂ ಇವೆ. ಕೆಲವು ಪ್ರಯೋಗಗಳು ಬಿದ್ದುಹೋದವು, ಕೆಲವು ನಿಂತವು. ಬೀಳುವುದನ್ನು ಸಹಿಸಿಕೊಂಡದ್ದರಿಂದಲೇ ಕಲೆ ನಿಂತಿತು.

ಕಲೆಯ ಮಾತು ಬೇರೆ, ಹಣಕಾಸಿನ ಸಂಸ್ಥೆಯ ಮಾತು ಬೇರೆ ಎನ್ನುವಿರಾದರೆ ಅಡಿಕೆ ತೋಟದ ಕಡೆಗೇ ಬನ್ನಿ. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಕುಸಿದು ಕೃಷಿಕರು ಕಂಗಾಲಾದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಅದರ ಸದಸ್ಯರಾದರು. ನಮ್ಮನ್ನು ಎರಡಾಗಿ ಸೀಳಿದ ಗಡಿಗೆ ಆ ಸಂಸ್ಥೆ ತಲೆಬಾಗಲಿಲ್ಲ. ಮುಂದೆ ಆ ದಶಕ ಮುಗಿಯುವ ಹೊತ್ತಿಗೆ ಕೊಕ್ಕೊ ಬೆಲೆ ಬಿದ್ದು ಖಾಸಗಿ ಕೊಳ್ಳುವವರು ಹಿಂದೆ ಸರಿದಾಗ, ಅಡಿಕೆಗಾಗಿ ಹುಟ್ಟಿದ ಆ ಸಹಕಾರಿ ಸಂಸ್ಥೆ ಕೊಕ್ಕೊ ಕೊಳ್ಳಲು ಮುಂದಾಯಿತು. ಕೊಂಡದ್ದನ್ನು ಏನು ಮಾಡುವುದು? 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯೇ ಎದ್ದು ನಿಂತಿತು. ಅಡಿಕೆ ಬೆಳೆಯುವವರು ಚಾಕಲೇಟು ಮಾಡುವುದುಂಟೇ ಎಂದು ನಕ್ಕು ಸುಮ್ಮನಾಗಿದ್ದರೆ ಕೊಕ್ಕೊ ಬೆಳೆಗಾರನ ಗತಿ ಏನಾಗುತ್ತಿತ್ತು? ನಾವೀನ್ಯವೆಂದರೆ ಇದು: ಕಣ್ಣೆದುರಿನ ಕಷ್ಟಕ್ಕೆ, ಕೈಯಲ್ಲಿರುವ ಜನರಿಂದ, ಈವರೆಗೆ ಮಾಡದಿದ್ದುದನ್ನು ಮಾಡಿಸುವುದು.

ಅಲ್ಲಿಯೂ ಒಬ್ಬ ನಾಯಕನಿದ್ದನಲ್ಲವೇ ಎಂದು ಎದುರುವಾದಿಗಳು ಕೇಳಬಹುದು. ಇದ್ದರು, ಪ್ರಬಲರಾಗಿಯೇ ಇದ್ದರು. ನಾಯಕರು ಬೇಡವೆಂದು ನಾವು ಹೇಳಿದ್ದೆಲ್ಲಿ? ಆ ಸ್ಥಾಪಕ ಅಧ್ಯಕ್ಷರ ಕಾಲ ಮುಗಿದ ಮೇಲೂ ಸಂಸ್ಥೆ ಉಳಿಯಿತು, ಐವತ್ತು ವರ್ಷಗಳನ್ನು ದಾಟಿತು. ತಾವಿಲ್ಲದಾಗಲೂ ನಡೆಯುವಂತೆ ಕಟ್ಟಿದವರನ್ನು ನಾವು ನಾಯಕರೆನ್ನುತ್ತೇವೆ. ತಾವಿಲ್ಲದಿದ್ದರೆ ನಡೆಯದೆಂದು ಹೆಮ್ಮೆಪಡುವವರನ್ನು ಏನೆನ್ನಬೇಕೋ ಓದುಗರೇ ತೀರ್ಮಾನಿಸಲಿ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಗಡಿನಾಡಿನವರು ಒಗ್ಗಟ್ಟಾಗಿರಬೇಕು, ಹಲವು ತಂಡಗಳಾದರೆ ಹಲವು ಬಾಯಿಗಳಾಗುತ್ತವೆ, ಭಿನ್ನಮತ ಹುಟ್ಟುತ್ತದೆ ಎಂಬ ಆತಂಕ ಹಿರಿಯರಲ್ಲಿದೆ. ಆ ಆತಂಕದ ಹಿಂದಿರುವ ನೋವನ್ನು ನಾವು ಗೌರವಿಸುತ್ತೇವೆ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿದಾಗ ಒಂದೇ ದನಿಯಾಗಿ ನಿಂತ ತಲೆಮಾರು ಅದು. ಆದರೆ ಒಗ್ಗಟ್ಟೆಂದರೆ ಮೌನವಲ್ಲ. ತಾಳಮದ್ದಳೆಯ ಕೂಟದಲ್ಲಿ ಕೃಷ್ಣನೂ ಕರ್ಣನೂ ಒಬ್ಬರ ಮಾತನ್ನು ಇನ್ನೊಬ್ಬರು ಎಳೆ ಎಳೆಯಾಗಿ ಬಿಡಿಸಿ ಖಂಡಿಸುತ್ತಾರೆ. ಪ್ರಸಂಗ ಮುರಿಯುವುದಿಲ್ಲ, ಗಟ್ಟಿಯಾಗುತ್ತದೆ. ಕೂಟ ಮುಗಿದ ಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತುಕೊಳ್ಳುತ್ತಾರೆ. ಅರ್ಥಧಾರಿಗಳ ವಾದಕ್ಕೆ ತಲೆದೂಗುವ ನಾವು ಮಹಾಸಭೆಯಲ್ಲಿ ಕಿರಿಯನೊಬ್ಬ ಲೆಕ್ಕಪತ್ರದ ಬಗ್ಗೆ ಪ್ರಶ್ನೆ ಕೇಳಿದರೆ ಅವನನ್ನು ಸಂಘದ್ರೋಹಿಯೆಂದು ನೋಡುವುದು ಯಾವ ನ್ಯಾಯ?

ಈ ಚರ್ಚೆ ಬರಿಯ ಸಂಘಗಳ ಒಳಜಗಳದ ಮಾತಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಮಕ್ಕಳೂ ಹೆತ್ತವರೂ ಪ್ರತಿಭಟಿಸಬೇಕಾಗಿ ಬಂದ ಸಂದರ್ಭಗಳು ನಮ್ಮ ಜಿಲ್ಲೆಯಲ್ಲಿ ಒಂದೆರಡಲ್ಲ. 2017ರಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯ್ದೆಯೂ ಬಂತು. ಇಂಥ ಹೊತ್ತಿನಲ್ಲಿ ಸಂಘಗಳು ಮಾಡುವುದೇನು? ಖಂಡನಾ ಸಭೆ, ಆವೇಶದ ಭಾಷಣ, ಮನವಿಯೊಂದರ ಸಲ್ಲಿಕೆ, ಪತ್ರಿಕೆಯಲ್ಲಿ ಚಿತ್ರ. ಮನವಿ ಯಾವ ಮೇಜಿನ ಮೇಲಿದೆಯೆಂದು ಮೂರು ತಿಂಗಳ ಬಳಿಕ ಕೇಳುವವರಿಲ್ಲ, ಏಕೆಂದರೆ ಅದು ಯಾರ ಕೆಲಸವೆಂದೂ ನಿಗದಿಯಾಗಿರಲಿಲ್ಲ.

ಇದೇ ಕೆಲಸವನ್ನು ನಾಲ್ವರ ಒಂದು ತಂಡಕ್ಕೆ ಒಪ್ಪಿಸಿ ನೋಡೋಣ. ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯರು; ಹುದ್ದೆಗಳ ನಿಯಮ ಅವರಿಗೆ ಗೊತ್ತು. ಒಬ್ಬರು ಕಾನೂನು ಓದಿದವರು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುವ ಸಂವಿಧಾನದ 350ಎ ವಿಧಿ, ನಾವು ಗಡಿಯಾಚೆ ಉಳಿದ ಅದೇ 1956ರಲ್ಲಿ ಸೇರ್ಪಡೆಯಾಯಿತೆಂಬುದು ಅವರಿಗೆ ತಿಳಿದಿದೆ. ಒಬ್ಬಳು ಬೈಕಿನಲ್ಲಿ ಶಾಲೆ ಶಾಲೆಗೆ ಹೋಗಿ ಯಾವ ಹುದ್ದೆ ಎಂದಿನಿಂದ ಖಾಲಿಯಿದೆಯೆಂದು ಬರೆದು ತರಬಲ್ಲ ಯುವತಿ. ನಾಲ್ಕನೆಯವನು ಮಲಯಾಳದಲ್ಲೇ ಓದಿದ ನಮ್ಮ ಹುಡುಗ. ಕಚೇರಿಯ ಆದೇಶಗಳ ಮಲಯಾಳವನ್ನು ಅವನಷ್ಟು ಸಲೀಸಾಗಿ ಓದಿ, ಅದೇ ಭಾಷೆಯಲ್ಲಿ ಉತ್ತರ ಬರೆಯಬಲ್ಲವರು ನಮ್ಮ ಸಂಘಗಳಲ್ಲಿ ಎಷ್ಟು ಮಂದಿಯಿದ್ದಾರೆ? ಕನ್ನಡವನ್ನು ತಡವರಿಸಿ ಓದುತ್ತಾನೆಂದು ಅವನನ್ನು ಹೀಯಾಳಿಸಿ ಹೊರಗಿಟ್ಟ ಸಂಘ ತನ್ನ ಒಳ್ಳೆಯ ಆಯುಧವನ್ನೇ ಬಾವಿಗೆ ಎಸೆದಂತೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಬರಬೇಕು. ನೂರು ಭಾಷಣಗಳು ಕೊಡದ ಅಂಕಿ-ಅಂಶವನ್ನು ಆ ನಾಲ್ವರು ಒಂದು ಮಳೆಗಾಲದಲ್ಲಿ ತಂದು ಮುಂದಿಟ್ಟಾರು.

ಆದುದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ. ಪ್ರತಿ ಸಂಘವೂ ತನ್ನ ಕೆಲಸಗಳನ್ನು ನಾಲ್ಕೈದು ಮಂದಿಯ ಚಿಕ್ಕ ತಂಡಗಳಿಗೆ ಹಂಚಲಿ. ಒಂದು ತಂಡಕ್ಕೆ ಒಂದೇ ಕೆಲಸ, ಒಂದು ವರ್ಷದ ಗಡುವು, ಚಿಕ್ಕದಾದರೂ ಸರಿ ಒಂದು ನಿಶ್ಚಿತ ಮೊತ್ತ ಇರಲಿ. ಆ ಮೊತ್ತದೊಳಗೆ ತೀರ್ಮಾನ ಅವರದು. ಪ್ರತಿ ನೂರು ರೂಪಾಯಿಗೂ ಅಧ್ಯಕ್ಷರ ಮನೆಗೆ ಓಡುವಂತಾಗಬಾರದು. ಪ್ರತಿ ತಂಡದಲ್ಲೂ ಮೂವತ್ತರ ಒಳಗಿನವರು ಇಬ್ಬರಾದರೂ ಇರಲಿ, ಹೆಂಗಸರು ಸ್ವಾಗತ ಸಮಿತಿಗೆ ಮಾತ್ರ ಸೀಮಿತರಾಗದಿರಲಿ. ಸಭೆಯಲ್ಲಿ ಕಿರಿಯರು ಮೊದಲು ಮಾತನಾಡಲಿ. ಹಿರಿಯರು ಮೊದಲೇ ಅಭಿಪ್ರಾಯ ಹೇಳಿಬಿಟ್ಟರೆ ಸಂಕೋಚದ ನಮ್ಮ ಮಕ್ಕಳು ಬಾಯಿ ತೆರೆಯುವುದಿಲ್ಲ. ವರ್ಷದ ಕೊನೆಗೆ ಲೆಕ್ಕದ ಜೊತೆಗೆ ಏನು ಫಲಿಸಿತು, ಏನು ಫಲಿಸಲಿಲ್ಲ ಎಂಬುದನ್ನೂ ಮಹಾಸಭೆಗೆ ಹೇಳಲಿ. ಫಲಿಸದಿದ್ದುದನ್ನು ಹೇಳಿದವರನ್ನು ಯಾರೂ ಅವಮಾನಿಸಬಾರದು. ಅದೇ ಅಳತೆಗೋಲನ್ನು ನಮ್ಮ ಹಳೆಯ ಸನ್ಮಾನ ಸಮಾರಂಭಗಳಿಗೂ ಹಿಡಿಯಬೇಕು. ಅಧ್ಯಕ್ಷರು, ಕಾರ್ಯದರ್ಶಿಗಳು ಎರಡು ಅವಧಿ ಮುಗಿಸಿದ ಬಳಿಕ ಮುಮ್ಮೇಳದಿಂದ ಹಿಮ್ಮೇಳಕ್ಕೆ ಸರಿಯಲಿ. ಅದು ಇಳಿತವೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ರಂಗದಲ್ಲಿ ಭಾಗವತರಿಗಿಂತ ದೊಡ್ಡ ಸ್ಥಾನ ಯಾರದು?

ಇಂಥ ಸಮ್ಮೇಳನಗಳ ಕೊನೆಗೆ ನಿರ್ಣಯಗಳನ್ನು ಓದುವುದು ವಾಡಿಕೆ. ಕೈ ಎತ್ತಿ ಒಪ್ಪಿಗೆ ಸೂಚಿಸುವ ಮೊದಲು ಸಭಾಸದರು ಒಂದೇ ಒಂದು ಪ್ರಶ್ನೆ ಕೇಳಲಿ ಎಂಬುದು ನಮ್ಮ ಕೋರಿಕೆ: ಇದನ್ನು ಯಾರು ಮಾಡುತ್ತಾರೆ, ಎಂದಿಗೆ? ಪ್ರತಿ ನಿರ್ಣಯದ ಕೆಳಗೆ ನಾಲ್ವರ ಹೆಸರೂ ಒಂದು ದಿನಾಂಕವೂ ಇಲ್ಲದಿದ್ದರೆ ಎತ್ತಿದ ಕೈಯನ್ನು ಇಳಿಸಿಬಿಡಲಿ. ಹತ್ತು ನಿರ್ಣಯಗಳಲ್ಲಿ ಒಂಬತ್ತು ಬಿದ್ದುಹೋದರೂ ಅಡ್ಡಿಯಿಲ್ಲ. ಉಳಿದ ಒಂದರಿಂದ ಬರುವ ಜೂನ್‌ನಲ್ಲಿ ಒಂದು ಶಾಲೆಗೆ ಕನ್ನಡ ಬಲ್ಲ ಒಬ್ಬ ಅಧ್ಯಾಪಕರು ಬಂದರೆ ಈ ಸಮ್ಮೇಳನ ಸಾರ್ಥಕವಾಯಿತೆಂದು ನಾವು ಬಗೆಯುತ್ತೇವೆ.