ಹೈಫಾದ ಇನ್ನೊಂದು ಯುದ್ಧ

ಯುವ ಕನ್ನಡಿಗರೇ, 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ ಜೋಧಪುರದವರ ಜೊತೆ ಸೇರಿ ಹೈಫಾ ಪಟ್ಟಣವನ್ನು ಟರ್ಕಿಯವರಿಂದ ಗೆದ್ದಿತು. ಅದಕ್ಕೂ ಐದು ವರ್ಷ ಮೊದಲು ಅದೇ ಊರಲ್ಲಿ ಇನ್ನೊಂದು ಯುದ್ಧ ಹತ್ತಿಕೊಂಡಿತ್ತು: ಭಾಷೆಯ ಯುದ್ಧ!

ಅಲ್ಲಿ ಕಟ್ಟುತ್ತಿದ್ದ ಯಹೂದಿಗಳ ತಾಂತ್ರಿಕ ಕಾಲೇಜಿನಲ್ಲಿ ವಿಜ್ಞಾನವನ್ನು ಜರ್ಮನ್ ಭಾಷೆಯಲ್ಲೇ ಕಲಿಸಬೇಕೆಂದು ಜರ್ಮನಿಯ ಯಹೂದಿ ಸಂಘ ಹಟ ಹಿಡಿಯಿತು. ಹೀಬ್ರೂಗೆ ಆ ಶಕ್ತಿಯಿಲ್ಲವಂತೆ! ನಾವೂ ದಿನಾ ಕೇಳುವ ಮಾತೇ ತಾನೆ? ಸಂಘದ ಶಾಲೆಗಳ ಮೇಷ್ಟ್ರು, ಹುಡುಗರು ಮುಷ್ಕರ ಹೂಡಿ ಹೊರನಡೆದರು. 1914ರಲ್ಲಿ ಆಡಳಿತ ಮಂಡಳಿ ಮಣಿಯಿತು. 1924ರಲ್ಲಿ ಕಾಲೇಜು ಶುರುವಾದದ್ದು ಹೀಬ್ರೂವಿನಲ್ಲೇ.

ಆದರೆ ಗೆದ್ದ ಭಾಷೆ ನೆರೆಮನೆಯ ಭಾಷೆಯನ್ನು ತುಳಿಯಬಾರದು. 2018ರಲ್ಲಿ ಇಸ್ರೇಲ್ ಅರಬ್ಬಿಯ ಅಧಿಕೃತ ಸ್ಥಾನ ಕಿತ್ತುಕೊಂಡಿತು; ಆ ಪಾಠ ನಮಗೆ ಬೇಡ.

ಕನ್ನಡದಲ್ಲಿ ವಿಜ್ಞಾನ ಕೇಳಿ, ಬರೆಯಿರಿ. ಅಚ್ಚು ಹಾಕಲು ಕಿರುಗಾವಲಿನ ನಮ್ಮ ಪ್ರೆಸ್ ಸಿದ್ಧ!